ಗುಟ್ಟನ್ನು ಕೊನೆಯ ಅಧ್ಯಾಯದವರೆಗೆ ಬಚ್ಚಿಡಬೇಕಾ?

ಪ್ರಶ್ನೆ: ಮೇಡಂ, ನಾನು ಸಂಡೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಅಂತ ಒಂದು ಕಾದಂಬರಿ ಬರೆದಿದ್ದೇನೆ. ಕಥೆ ನಡೆಯೋದು 2012ರಲ್ಲಿ. ಸವಿತಾಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ತಮ್ಮ ಬಸುಗೆ ಐದು. ಅಪ್ಪ ಸಾಲ ಮಾಡಿ ಮೈನ್ಸ್ ಲಾರಿ ತಗೊಂಡವನು. ಲಾರಿ ಅಪಘಾತದಲ್ಲಿ ತೀರಿಕೊಂಡ ಅಂತ ಮನೆಯವರು ಹೇಳುತ್ತಾರೆ. ನಿಜವಾಗಿ ಸಾಲಕ್ಕೆ ಹೆದರಿ ತಾನೇ ಜೀವ ಕಳೆದುಕೊಂಡಿರುತ್ತಾನೆ. ಇದು ಗೊತ್ತಿರೋದು ಅಜ್ಜನಿಗೆ ಮತ್ತು ಅವ್ವನಿಗೆ ಮಾತ್ರ. ಕೊನೆಯ, ಅಂದರೆ ಹದಿನೆಂಟನೇ ಅಧ್ಯಾಯದಲ್ಲಿ ಅಜ್ಜ ಬರೆದಿಟ್ಟ ನಾಲ್ಕು ಪುಟದ ಪತ್ರ ಸವಿತಾ ಕೈಗೆ ಸಿಗುತ್ತದೆ. ದುಃಖದ ಐದು ಹಂತ ಅಂತಾರಲ್ಲ, ಅದರ ಪ್ರಕಾರ ಐದು ಭಾಗ ಮಾಡಿದ್ದೇನೆ. ಓದಿದ ಗೆಳತಿ "ಕುತೂಹಲ ಇದೆ, ಆದರೆ ಅಳು ಬರಲಿಲ್ಲ" ಅಂದಳು. ಸಹೋದ್ಯೋಗಿಯೊಬ್ಬರು "ಮಕ್ಕಳಿಗೆ ಇದೆಲ್ಲ ಯಾಕೆ ಬೇಕು" ಅಂದರು. ಮೂರು ಅಧ್ಯಾಯ ಕಳಿಸಿದ್ದೇನೆ. ಎಲ್ಲಿ ಎಡವಿದ್ದೇನೆ, ಹೇಳಿ.

ಉತ್ತರ: ನೀವು ಕಳಿಸಿದ ನಾಲ್ಕು, ಹನ್ನೊಂದು, ಹದಿನೆಂಟನೇ ಅಧ್ಯಾಯಗಳನ್ನು ಎರಡೆರಡು ಸಲ ಓದಿದೆ ಟೀಚರ್. ನಿಮ್ಮ ಗೆಳತಿಗೆ ಅಳು ಯಾಕೆ ಬರಲಿಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಗುಟ್ಟು ಏನಿರಬಹುದು ಅಂತ ಊಹೆ ಮಾಡೋದರಲ್ಲೇ ಅವರು ಪುಸ್ತಕ ಮುಗಿಸಿದ್ದಾರೆ. ಅಳೋಕೆ ಪುರುಸೊತ್ತೇ ಸಿಕ್ಕಿಲ್ಲ. ಹದಿನೇಳು ಅಧ್ಯಾಯ "ಏನಾಯ್ತು, ಏನಾಯ್ತು" ಅಂತ ಓಡಿಸಿ, ಹದಿನೆಂಟರಲ್ಲಿ ಉತ್ತರ ಕೈಗಿಟ್ಟು ಬಾಗಿಲು ಹಾಕಿದ್ದೀರಿ. ಆ ಹುಡುಗಿಯ ದುಃಖ ಶುರುವಾಗೋ ಹೊತ್ತಿಗೆ ಪುಸ್ತಕ ಮುಗಿದಿದೆ.

ಗುಟ್ಟನ್ನು ಒಂಬತ್ತನೇ ಅಧ್ಯಾಯಕ್ಕೆ ತನ್ನಿ. ಸವಿತಾಗೆ ಅಲ್ಲೇ ಗೊತ್ತಾಗಲಿ. ಉಳಿದ ಅರ್ಧ ಪುಸ್ತಕದಲ್ಲಿ ಅವಳು ಅದನ್ನು ಹೊತ್ತುಕೊಂಡು ಶಾಲೆಗೆ ಹೋಗಲಿ, ನೀರು ತರಲಿ, ಪರೀಕ್ಷೆ ಬರೆಯಲಿ.

ಹೀಗೆ ಹೇಳೋದಕ್ಕೆ ಕಾರಣ ಇದೆ. ನಮ್ಮ ಕಡೆ ಮನೆಗಳಲ್ಲಿ ಗುಟ್ಟು ಅನ್ನೋದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಪತ್ರದ ಹಾಗೆ ಇರೋದಿಲ್ಲ. ಊರಿಗೆಲ್ಲ ಗೊತ್ತಿರುತ್ತೆ, ಮನೆಯ ಮಕ್ಕಳಿಗೆ ಮಾತ್ರ ಯಾರೂ ಹೇಳಿರೋದಿಲ್ಲ. ಸಂಡೂರಿನಂಥ ಊರಲ್ಲಿ ಒಂದು ಲಾರಿ ಬಿದ್ದರೆ ಅದು ಹೇಗೆ ಬಿತ್ತು ಅಂತ ಕ್ಲೀನರ್‌ಗೆ ಗೊತ್ತು, ಪಂಕ್ಚರ್ ಅಂಗಡಿಯವನಿಗೆ ಗೊತ್ತು, ಫೈನಾನ್ಸ್‌ನವರಿಗೆ ಗೊತ್ತು. ಮಾತಾಡಿಸೋಕೆ ಬಂದ ಹೆಂಗಸರು ಪಡಸಾಲೆಯಲ್ಲಿ ಕೂತು ಪಿಸುಪಿಸು ಅಂತಿರುತ್ತಾರೆ. ಹುಡುಗಿ ನೀರಿನ ಚೆಂಬು ಹಿಡಿದು ಬಂದ ಕೂಡಲೇ ಜೋಳದ ರೇಟಿನ ಮಾತು ತೆಗೆಯುತ್ತಾರೆ. ಹದಿನೈದು ವರ್ಷದ ಹುಡುಗಿಗೆ ಅಷ್ಟು ಸಾಕು. ಏನೋ ಇದೆ ಅಂತ ಅವಳಿಗೆ ಮೂರನೇ ದಿನವೇ ಗೊತ್ತಾಗಿರುತ್ತೆ. ಹದಿನೇಳು ಅಧ್ಯಾಯ ಏನೂ ಗೊತ್ತಾಗದೆ ಓಡಾಡೋ ಸವಿತಾಳನ್ನು ನಿಮ್ಮ ಹತ್ತನೇ ತರಗತಿ ಮಕ್ಕಳೇ ನಂಬೋದಿಲ್ಲ, ಕೇಳಿ ನೋಡಿ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ಕಡೆ. ಮಳೆ ಕೈಕೊಟ್ಟ ವರ್ಷ ಅರ್ಧ ಊರು ಗುಳೆ ಹೋಗುತ್ತಿತ್ತು. ನಮ್ಮ ಕಾಕಾ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಆಯಿ, ಅಂದರೆ ನಮ್ಮ ಅಜ್ಜಿ, ತಿಂಗಳಿಗೊಂದು ಸಲ ಅವನಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಕಳಿಸುತ್ತಿದ್ದಳು. ಬೆಂಗಳೂರಿಗೆ ಹೊರಟವರ ಕೈಗೆ ಅದನ್ನು ಕೊಟ್ಟು ಬರೋದು ನನ್ನ ಮತ್ತು ನನ್ನ ಅಣ್ಣನ ಕೆಲಸ. ನನಗೆ ಹನ್ನೆರಡು ವರ್ಷ ಇದ್ದಾಗ ಕಾಕಾ ಅಲ್ಲೇ ತೀರಿಕೊಂಡ. ಅಪ್ಪ ಹೋಗಿ ಮಣ್ಣು ಮಾಡಿ ಬಂದರು. ಆಯಿಗೆ ಎದೆನೋವಿತ್ತು, ಅವಳಿಗೆ ಹೇಳೋದು ಬೇಡ ಅಂತ ದೊಡ್ಡವರು ತೀರ್ಮಾನ ಮಾಡಿದರು. ನಮಗೂ ನೇರವಾಗಿ ಹೇಳಲಿಲ್ಲ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆವು. ಮುಂದಿನ ತಿಂಗಳು ಆಯಿ ಗಂಟು ಕಟ್ಟಿ ಕೊಟ್ಟಳು. ನಾವು ಬಸ್‌ಸ್ಟ್ಯಾಂಡಿಗೆ ಹೋಗಿ, ಗುಳೆ ಹೊರಟಿದ್ದ ಯಾರದೋ ಮನೆಯವರಿಗೆ ದಾರಿಯಲ್ಲಿ ತಿನ್ನೋಕೆ ಅಂತ ಕೊಟ್ಟು ಬಂದೆವು. "ಮುಟ್ಟಿಸಿದ್ರೇನು?" ಅಂತ ಕೇಳಿದಳು. "ಹ್ಞೂಂ ಆಯಿ" ಅಂದೆವು. ಹತ್ತು ತಿಂಗಳು ಹೀಗೇ ನಡೆಯಿತು. ಹನ್ನೊಂದನೇ ತಿಂಗಳು ಆಯಿ ರೊಟ್ಟಿ ಬಡಿದಳು, ಗಂಟು ಕಟ್ಟಲಿಲ್ಲ. ಬುಟ್ಟಿಯಲ್ಲಿ ಮನೆಯವರಿಗೆ ಆಗುವಷ್ಟೇ ರೊಟ್ಟಿ ಇದ್ದವು. ಯಾಕೆ ಅಂತ ಯಾರೂ ಕೇಳಲಿಲ್ಲ. ಅದಾದ ಮೇಲೆ ಆರು ವರ್ಷ ಬದುಕಿದಳು, ಕಾಕಾನ ಹೆಸರು ಒಂದು ದಿನವೂ ಎತ್ತಲಿಲ್ಲ.

ನಾವು ಅವಳಿಗೋಸ್ಕರ ಸುಮ್ನಿದ್ದೆವು. ಅವಳು ನಮಗೋಸ್ಕರ ಸುಮ್ನಿದ್ದಳು. ಆ ಮನೆ ಅತ್ತಿದ್ದೇ ಆ ರೀತಿ. ಟೀಚರ್, ನಿಮ್ಮ ಕಾದಂಬರಿಯ ಜೀವ ಇರೋದೂ ಇಲ್ಲೇ ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಅಜ್ಜ ಮತ್ತು ಅವ್ವ ಸತ್ಯ ಮುಚ್ಚಿಡೋದು ಕಥೆಗೊಂದು ತಿರುವು ಬೇಕು ಅಂತ ಅಲ್ಲ. ಮುಚ್ಚಿಡೋ ಕೆಲಸದಲ್ಲೇ ಅವರ ಅಳುವೂ ಇದೆ.

ಹಾಗಾಗಿ ಸವಿತಾಗೆ ಗೊತ್ತಾದ ಮೇಲೆ ಏನಾಗುತ್ತೆ ಅನ್ನೋದನ್ನು ಬರೆಯಿರಿ. ನನಗೆ ಕಾಣೋದು ಇದು: ಅವಳೇ ಗುಟ್ಟು ಕಾಯೋಕೆ ಶುರು ಮಾಡುತ್ತಾಳೆ. ಬಸು ಇದ್ದಾನಲ್ಲ, ನಿಮ್ಮ ಕರಡಿನಲ್ಲಿ ಅವನು ಬರೀ ಊಟ ಮಾಡಿ ಮಲಗುತ್ತಾನೆ. ಆ ಮಗುವಿಗೆ ಕೆಲಸ ಕೊಡಿ. ಸತ್ತವರು ತಿರುಗಿ ಬರೋದೇ ಇಲ್ಲ ಅನ್ನೋದು ಮಕ್ಕಳಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಸುಮಾರಿಗೆ ಮನಸ್ಸಿಗೆ ಇಳಿಯುತ್ತೆ. ಬಸು ಸರಿಯಾಗಿ ಆ ಹೊಸ್ತಿಲ ಮೇಲಿದ್ದಾನೆ. ಮಣ್ಣು ಮಾಡಿದ್ದನ್ನು ನೋಡಿದ್ದರೂ ಸಂಜೆ "ಅಪ್ಪ ಯಾವಾಗ ಬರ್ತಾನ?" ಅಂತ ಕೇಳುತ್ತಾನೆ. ಸವಿತಾ ಬಾಯಿಂದ ತಾನಾಗಿ ಬಂದುಬಿಡುತ್ತೆ: "ಬೇಲೇಕೇರಿಗೆ ಲೋಡ್ ತಗೊಂಡು ಹೋಗ್ಯಾನ." ಅಜ್ಜನ ಸುಳ್ಳಿಗೆ ಉರಿದುಬಿದ್ದ ಹುಡುಗಿ ಮಾರನೇ ದಿನವೇ ತಾನೂ ಒಂದು ಸುಳ್ಳು ಹೇಳುತ್ತಾಳೆ. ಬಸು ದಿನಾ ಸಂಜೆ ರಸ್ತೆ ಪಕ್ಕ ಕೂತು ಲಾರಿ ಎಣಿಸುತ್ತಾನೆ. ಅಜ್ಜನ ಮೇಲಿನ ಅವಳ ಸಿಟ್ಟು ಕರಗೋದು ಅಲ್ಲಿ, ಪತ್ರದಿಂದ ಅಲ್ಲ.

ಬೇಲೇಕೇರಿ ಬಂದರಿನ ಹೆಸರನ್ನು ಬೇಕಂತಲೇ ಹೇಳಿದೆ. ಆ ವರ್ಷ ಅಲ್ಲಿಗೆ ಅದಿರಿನ ಲೋಡ್ ಹೋಗುತ್ತಿರಲಿಲ್ಲ ಅನ್ನೋದು ಸಂಡೂರಿನ ಓದುಗರಿಗೆ ಚೆನ್ನಾಗಿ ಗೊತ್ತು. ಅವಳು ಹೇಳಿದ್ದು ಎಂಥ ಸುಳ್ಳು ಅಂತ ಅವರಿಗೆ ತಟ್ಟನೆ ಹೊಳೆಯುತ್ತೆ. ಇದೇ ಜಾಗದಲ್ಲಿ ನಿಮ್ಮ ತಾರೀಖುಗಳನ್ನೂ ಒಮ್ಮೆ ಸರಿಮಾಡಿಕೊಳ್ಳಿ. ನಾಲ್ಕನೇ ಅಧ್ಯಾಯದಲ್ಲಿ "2010ರಲ್ಲಿ ಲೋಕಾಯುಕ್ತ ವರದಿ ಬಂದು ಗಣಿ ಬಂದ್ ಆಯಿತು" ಅಂತ ಬರೆದಿದ್ದೀರಿ. ಎರಡು ಏಟುಗಳನ್ನು ಒಂದು ಮಾಡಿದ್ದೀರಿ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ ಕೊನೆಯ ವರದಿ ಕೊಟ್ಟಿದ್ದು 2011ರ ಜುಲೈ 27ಕ್ಕೆ. ಅದಾಗಿ ಎರಡೇ ದಿನಕ್ಕೆ, ಜುಲೈ 29ಕ್ಕೆ, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 2012ರ ಸೆಪ್ಟೆಂಬರ್‌ನಲ್ಲಿ 'ಎ' ವರ್ಗದ, ಅಂದರೆ ಅಕ್ರಮ ಇಲ್ಲದ ಅಥವಾ ತೀರಾ ಕಡಿಮೆ ಇದ್ದ, ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ನಡುವಿನ ಈ ಕಾಲದಲ್ಲಿ ರಸ್ತೆ ಪೂರ್ತಿ ಖಾಲಿ ಇರಲಿಲ್ಲ. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಗೆ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಕೋರ್ಟ್ ಬಿಟ್ಟಿತ್ತು. ರಾಶಿ ಬಿದ್ದಿದ್ದ ಅದಿರನ್ನು ಇ-ಹರಾಜಿನಲ್ಲಿ ಮಾರುತ್ತಿದ್ದರು. ಹಾಗಾಗಿ ಬಸುಗೆ ಎಣಿಸೋಕೆ ಲಾರಿ ಇರುತ್ತವೆ, ಕಡಿಮೆ ಇರುತ್ತವೆ ಅಷ್ಟೇ. ಅವನು ಎಣಿಸೋ ಸಂಖ್ಯೆಯನ್ನೇ ದಿನದಿನಕ್ಕೆ ಬರೆಯಿರಿ. ಗಣಿ ನಿಂತ ಕಥೆಯನ್ನು ಬೇರೆ ವಿವರಿಸಬೇಕಿಲ್ಲ.

ಅಪ್ಪನ ಸಾಲವೂ ಈ ತಾರೀಖುಗಳ ಮೇಲೆ ಕೂತರೆ ಜಾಸ್ತಿ ನಿಜ ಅನ್ನಿಸುತ್ತೆ. ಮೊದಲ ಏಟಿಗೆ ಎರಡು ಕಂತು ತಪ್ಪುತ್ತೆ, ಅವ್ವನ ಬೋರಮಾಳ ಸರ ಅಡವಿಗೆ ಹೋಗುತ್ತೆ. ಎರಡನೇ ಏಟಿಗೆ ಲಾರಿ ಮನೆ ಮುಂದೆ ಬಂದು ನಿಲ್ಲುತ್ತೆ. ನಿಂತ ಲಾರಿಯ ಟೈರಿನ ನೆರಳಲ್ಲಿ ಕೋಳಿ ಮಲಗಿರುತ್ತವೆ ಅಂತ ನೀವೇ ಬರೆದಿದ್ದೀರಿ, ಆ ಸಾಲು ಬಹಳ ಚೆನ್ನಾಗಿದೆ, ಅದನ್ನು ತೆಗೆಯಬೇಡಿ.

ಈಗ ಅಜ್ಜ. ಪತ್ರದಲ್ಲಿ ಅವನು "ಮನೆಯ ಮರ್ಯಾದೆಗಾಗಿ ಮುಚ್ಚಿಟ್ಟೆ" ಅಂತಾನೆ. ಅದು ಎಲ್ಲ ಕಥೆಗಳ ಅಜ್ಜಂದಿರು ಹೇಳೋ ಮಾತು. ಈ ಅಜ್ಜನಿಗೆ ಅವನದೇ ಕಾರಣ ಕೊಡಿ. ಒಂದು ದಾರಿ ತೋರಿಸುತ್ತೇನೆ. ಆ ಕಾಲದಲ್ಲಿ ಲಾರಿಯ ಇನ್ಶೂರೆನ್ಸ್ ಜೊತೆ, ಗಾಡಿ ಓಡಿಸೋ ಮಾಲೀಕನಿಗೆ ಕಡ್ಡಾಯವಾಗಿ ಬರುತ್ತಿದ್ದ ವೈಯಕ್ತಿಕ ಅಪಘಾತ ವಿಮೆ 2 ಲಕ್ಷ ರೂಪಾಯಿ. 15 ಲಕ್ಷಕ್ಕೆ ಏರಿದ್ದು 2018ರಲ್ಲಿ. ತಾನಾಗಿ ಜೀವ ಕಳೆದುಕೊಂಡರೆ ಆ ಹಣ ಬರೋದಿಲ್ಲ. ಅಪಘಾತ ಅಂತ ಅಜ್ಜ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದ್ದಾನೆ. ಬಂದ ಹಣದಲ್ಲಿ ಒಂದಷ್ಟು ಸಾಲಕ್ಕೆ ಹೋಯಿತು, ಉಳಿದಿದ್ದು ಸವಿತಾಳ ಕಾಲೇಜಿಗೆ ಅಂತ ಪೋಸ್ಟಾಫೀಸಿನಲ್ಲಿದೆ. ಈಗ ಆ ಹುಡುಗಿ ಸತ್ಯ ಹೇಳು ಅಂತ ಅಜ್ಜನ ಮೇಲೆ ಕೂಗಾಡಿದರೆ, ಅವನು ಏನು ಹೇಳಬೇಕು? ಪಾಸ್‌ಬುಕ್ ತೆಗೆದು ಅವಳ ಮುಂದಿಟ್ಟು ಎದ್ದು ಹೋಗುತ್ತಾನೆ. ಅವಳ ಹೆಸರಿದೆ ಅದರಲ್ಲಿ. ತಪ್ಪು ಸರಿ ನೀವು ಬಿಡಿಸಬೇಡಿ, ಆ ವಯಸ್ಸಿನ ಓದುಗರು ಅದನ್ನು ತಾವೇ ಗುದ್ದಾಡಿಕೊಳ್ಳುತ್ತಾರೆ. ಅವರಿಗೆ ಅದು ಇಷ್ಟ ಕೂಡ. ಹೆಬ್ಬೆಟ್ಟಿನ ಅಜ್ಜ ನಾಲ್ಕು ಪುಟದ ಪತ್ರ ಬರೆಯೋಕೆ ಆಗೋದಿಲ್ಲ ಅನ್ನೋದು ಇನ್ನೊಂದು ಲಾಭ. ಆ ಪತ್ರ ನಿಜಕ್ಕೂ ಹೋಗಬೇಕು ಟೀಚರ್. ಅದರಲ್ಲಿ ಮಾತಾಡೋದು ನೀವು, ಅಜ್ಜ ಅಲ್ಲ.

ಪತ್ರದ ಬದಲು ಏನು ಅಂತ ಕೇಳುತ್ತೀರಿ. ನಾಲ್ಕನೇ ಅಧ್ಯಾಯದಲ್ಲಿ ಒಂದೇ ಸಾಲಿದೆ: "ಅಪ್ಪನ ಕೆಂಪು ಧೂಳಿನ ಟವೆಲ್ ಗೂಟದಲ್ಲೇ ಇತ್ತು." ಇಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಹೀಗೆ:

"ಅವ್ವ ಎಲ್ಲ ಬಟ್ಟೆ ಒಗೆದಿದ್ದಳು, ಅದೊಂದನ್ನು ಬಿಟ್ಟು. ಸವಿತಾ ಟವೆಲನ್ನು ಬಕೆಟ್ಟಿನಲ್ಲಿ ಅದ್ದಿದಳು. ನೀರು ಕೆಂಪಾಯಿತು. ಚೆಲ್ಲಿ ಇನ್ನೊಂದು ಬಕೆಟ್ ತಂದಳು. ಅದೂ ಕೆಂಪಾಯಿತು. ಮೂರನೇ ಬಕೆಟ್ ಎತ್ತುವಾಗ ಅಜ್ಜ ಬಂದು, ಟವೆಲನ್ನು ಅವಳ ಕೈಯಿಂದ ತಗೊಂಡು, ಹಿಂಡದೆ ಹಾಗೇ ಹಗ್ಗದ ಮೇಲೆ ಹಾಕಿದ. 'ಇರಲಿ ಬಿಡವ್ವಾ' ಅಂದ. ಸಂಜೆಯವರೆಗೂ ಅದರಿಂದ ಕೆಂಪು ಹನಿ ಬೀಳುತ್ತಿತ್ತು."

ಅಪ್ಪನನ್ನು ಹೊಗಳೋ ಒಂದು ಮಾತೂ ಇಲ್ಲ, ದುಃಖ ಅನ್ನೋ ಪದವೂ ಇಲ್ಲ. ನಿಮ್ಮ ಶಾಲೆಯಲ್ಲಿ ಮೈನ್ಸ್ ರಸ್ತೆ ಪಕ್ಕದ ಮನೆಯ ಮಕ್ಕಳು ಇರುತ್ತಾರಲ್ಲ, ಆ ನೀರನ್ನು ಅವರು ದಿನಾ ನೋಡಿರುತ್ತಾರೆ.

ಐದು ಹಂತದ ವಿಷಯ. ಅದನ್ನು ಧೈರ್ಯವಾಗಿ ಬಿಟ್ಟುಬಿಡಿ. ಎಲಿಸಬೆತ್ ಕೂಬ್ಲರ್-ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಅದನ್ನು ಬರೆದಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ತಮ್ಮ ಸಾವನ್ನು ತಾವು ಎದುರಿಸುತ್ತಿದ್ದವರ ಮಾತು ಅದು. ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಅದನ್ನು ಮೆಟ್ಟಿಲಿನ ಹಾಗೆ ಜೋಡಿಸಿದ್ದು ಆಮೇಲಿನವರು. ಯಾರ ಮನೆಯಲ್ಲೂ ದುಃಖ ಒಂದು, ಎರಡು, ಮೂರು ಅಂತ ಬರೋದಿಲ್ಲ. ಹನ್ನೊಂದನೇ ಅಧ್ಯಾಯದಲ್ಲಿ ಸವಿತಾ ಏಳು ಸಲ ಅಳುತ್ತಾಳೆ, ನಾನು ಎಣಿಸಿದೆ. "ಖಿನ್ನತೆ" ಭಾಗ ಅದು, ಹಾಗಾಗಿ ಅಳಿಸಿದ್ದೀರಿ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನೋ ಇಬ್ಬರು ಸಂಶೋಧಕರು 1999ರಲ್ಲಿ ಬೇರೆ ಚಿತ್ರ ಕೊಟ್ಟರು. ದುಃಖದಲ್ಲಿರೋರು ಎರಡು ದಡದ ನಡುವೆ ಓಡಾಡುತ್ತಿರುತ್ತಾರೆ ಅಂತ. ಒಂದು ಕಡೆ ಹೋದವರ ನೆನಪು, ಇನ್ನೊಂದು ಕಡೆ ಬಾಕಿ ಬಿದ್ದಿರೋ ಬದುಕು. ಮಕ್ಕಳಲ್ಲಂತೂ ಇದು ಕಣ್ಣಿಗೆ ಕಾಣೋ ಹಾಗಿರುತ್ತೆ. ಈಗ ಬಿಕ್ಕಿ ಅತ್ತ ಮಗು ಅರ್ಧ ಗಂಟೆ ಬಿಟ್ಟು ಕುಂಟೆಬಿಲ್ಲೆ ಆಡುತ್ತಿರುತ್ತೆ. ಸವಿತಾ ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕುತ್ತಾ ಗೆಳತಿ ಹೇಳಿದ ಯಾವುದೋ ಮಾತಿಗೆ ಜೋರಾಗಿ ನಗಲಿ. ನಕ್ಕಿದ್ದಕ್ಕೆ ಅವಳಿಗೇ ಭಯವಾಗಲಿ. ಏಳು ಸಲ ಅಳೋದಕ್ಕಿಂತ ಆ ಒಂದು ನಗು ಓದುಗರನ್ನು ಹಿಡಿದು ನಿಲ್ಲಿಸುತ್ತೆ.

ಇನ್ನು ನಿಮ್ಮ ಸಹೋದ್ಯೋಗಿ ಕೇಳಿದ್ದು: ಮಕ್ಕಳಿಗೆ ಇದೆಲ್ಲ ಯಾಕೆ? ಬಳ್ಳಾರಿಯಲ್ಲೂ ಕೊಪ್ಪಳದಲ್ಲೂ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಕೂತು ಓದಿಸಿದ ಅನುಭವದಿಂದ ಹೇಳುತ್ತೇನೆ. ಪ್ರತಿ ಗುಂಪಿನಲ್ಲೂ ಅಪ್ಪನೋ ಅವ್ವನೋ ಇಲ್ಲದ ಒಂದಿಬ್ಬರು ಇದ್ದೇ ಇರುತ್ತಿದ್ದರು. ಸಾವಿನ ಕಥೆ ಬಂದಾಗ ಅವರು ತಲೆ ಬಗ್ಗಿಸುತ್ತಿದ್ದರು ನಿಜ. ಆದರೆ ಪುಸ್ತಕ ಮನೆಗೆ ತಗೊಂಡು ಹೋಗಲಾ ಅಂತ ಮೊದಲು ಕೇಳುತ್ತಿದ್ದವರೂ ಅವರೇ. ಇದು ಅವರ ಮನೆಯಲ್ಲಿ ನಡೆದುಹೋಗಿರುತ್ತೆ. ಅದರ ಬಗ್ಗೆ ಮಾತು ಮಾತ್ರ ಸಿಕ್ಕಿರೋದಿಲ್ಲ.

ಹಾಗಂತ ಹೇಗೆ ಬೇಕಾದರೂ ಬರೆಯಬಹುದು ಅಂತ ಅಲ್ಲ. ಈ ಜಾಗದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹದಿನೆಂಟನೇ ಅಧ್ಯಾಯದಲ್ಲಿ ಅಪ್ಪ ಸತ್ತ ರೀತಿಯನ್ನು ಎರಡು ಪುಟ ವರ್ಣಿಸಿದ್ದೀರಿ. ಆ ಎರಡು ಪುಟ ಪೂರ್ತಿ ತೆಗೆಯಿರಿ. ಜಾಗ, ವಿಧಾನ, ಕೊನೆಯ ಮಾತು, ಯಾವುದೂ ಬೇಡ. ಆತ್ಮಹತ್ಯೆಯ ಸುದ್ದಿ ಬರೆಯೋರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನೇ, ಯಾಕಂದರೆ ನೊಂದ ಮನಸ್ಸು ಅಂಥ ವಿವರವನ್ನು ಹಿಡಿದುಕೊಂಡುಬಿಡುತ್ತೆ. "ಸಾಲದಿಂದ ಬಿಡುಗಡೆ ಸಿಕ್ಕಿತು" ಅಂತ ಅಜ್ಜನ ಬಾಯಲ್ಲಿ ಒಂದು ಮಾತು ಬರುತ್ತೆ, ಅದಂತೂ ಬೇಡವೇ ಬೇಡ. ಸಾಲ ತೀರಿಲ್ಲ, ಅವ್ವನ ತಲೆ ಮೇಲೆ ಬಂದಿದೆ. ಪತ್ರಿಕೆಗಳಲ್ಲಿ "ಆತ್ಮಹತ್ಯೆಗೆ ಶರಣು" ಅಂತ ಹಾಕುತ್ತಾರಲ್ಲ, ಅದನ್ನೂ ಬಳಸಬೇಡಿ. ಶರಣು ಅನ್ನೋದು ನಮ್ಮಲ್ಲಿ ಎಷ್ಟು ದೊಡ್ಡ ಮಾತು, ಅದನ್ನು ಇದಕ್ಕೆ ಅಂಟಿಸೋದು ನನಗೆ ಸಂಕಟ. "ಜೀವ ಕಳೆದುಕೊಂಡ" ಅಂತ ನೀವು ಪ್ರಶ್ನೆಯಲ್ಲಿ ಬರೆದಿದ್ದೀರಿ, ಅದೇ ಸಾಕು.

ಸವಿತಾ ಮಾತಾಡೋಕೆ ಒಬ್ಬರು ದೊಡ್ಡವರು ಬೇಕು. ಅವಳು ಇಡೀ ಪುಸ್ತಕದಲ್ಲಿ ಒಂಟಿ. ಓದೋ ಮಗು "ನನಗೂ ಯಾರೂ ಇಲ್ಲ" ಅಂತ ಪುಸ್ತಕ ಮುಚ್ಚಬಾರದು. ಕ್ಲೀನರ್ ಮಾವ ಇದ್ದಾನಲ್ಲ, ಎರಡನೇ ಸಲ ಬಂದಾಗ ಒಂದು ಪ್ಯಾಕೆಟ್ ಬಿಸ್ಕತ್ತು ಕೊಟ್ಟು ಹೋಗೋನು, ಅವನನ್ನು ಕೂರಿಸಿ. ಅಪ್ಪ ಲಾರಿ ಓಡಿಸುವಾಗ ಯಾವ ಹಾಡು ಗುನುಗುತ್ತಿದ್ದ, ಎಲ್ಲಿ ಚಹಾಕ್ಕೆ ನಿಲ್ಲಿಸುತ್ತಿದ್ದ, ಅವನಿಗೆ ಗೊತ್ತು. ಅಪ್ಪ ಸತ್ತ ಒಂದು ದಿನವನ್ನು ಬಿಟ್ಟು ಉಳಿದ ಅಷ್ಟೂ ವರ್ಷಗಳನ್ನು ಆ ಹುಡುಗಿಗೆ ವಾಪಸ್ ಕೊಡಬಲ್ಲವನು ಅವನೊಬ್ಬನೇ. ಪುಸ್ತಕದ ಕೊನೆಯ ಪುಟದಲ್ಲಿ, ಕಥೆಯಿಂದ ಬೇರೆಯಾಗಿ, ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಹಾಕಿಸಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅದು ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ, ಹಾಗಾಗಿ ಕಥೆಯ ಒಳಗೆ ತರಬೇಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಿರೂಪಣೆ ಸರಳ ಬರಹದ ಕನ್ನಡದಲ್ಲಿ, ಮಾತುಕತೆ ಊರಿನ ಕನ್ನಡದಲ್ಲಿ ಇಟ್ಟಿದ್ದೀರಿ, ಅದು ಸರಿ. ಒಂದು ತೊಂದರೆ ಏನಂದರೆ ನಿಮ್ಮ ಪಾತ್ರಗಳೆಲ್ಲ ಒಂದೇ ಥರ ಮಾತಾಡುತ್ತಾರೆ. ಸಂಡೂರಿನಲ್ಲಿ ಲಂಬಾಣಿ, ತೆಲುಗು, ಉರ್ದು, ಮರಾಠಿ ಎಲ್ಲ ಬೆರೆತಿದೆ. ಕ್ಲೀನರ್ ಮಾವನ ಕನ್ನಡ ಅಜ್ಜನ ಕನ್ನಡದ ಹಾಗೆ ಇರೋದಿಲ್ಲ. ಸಂಭಾಷಣೆಗಳನ್ನು ನಿಮ್ಮ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿ. ಎಲ್ಲಿ ನಾಲಗೆ ತಡವರಿಸುತ್ತೋ ಅಲ್ಲಿ ತಿದ್ದಿ. ಕಂಸದಲ್ಲಿ ಅರ್ಥ ಕೊಡೋದು ಬೇಡ. "ತಾಡಪತ್ರಿ" ಅಂದರೆ ಏನು ಅಂತ ಲಾರಿಯ ಮೇಲೆ ಹಾಸಿದ್ದನ್ನು ನೋಡಿದ ಮೇಲೆ ಯಾರಿಗೂ ಹೇಳಬೇಕಿಲ್ಲ.

ಕೊನೆಯ ದೃಶ್ಯದಲ್ಲಿ ಅಜ್ಜ, ಅವ್ವ, ಸವಿತಾ ಮೂವರೂ ತಬ್ಬಿಕೊಂಡು ಅಳುತ್ತಾರೆ. ಗುಟ್ಟು ಮೊದಲೇ ಹೊರಗೆ ಬಂದಿದ್ದರೆ ಅದರ ಅಗತ್ಯ ಬೀಳೋದಿಲ್ಲ. ನಿಮಗೆ ಬಸು ಇದ್ದಾನೆ. ಒಂದು ಸಂಜೆ ಅವನು ಲಾರಿ ಎಣಿಸದೆ ಮನೆಗೆ ಬಂದುಬಿಡುತ್ತಾನೆ. ಸವಿತಾ ಅವನ ಪಕ್ಕ ಕೂತು, ಏನು ಹೇಳಬೇಕು ಅಂತ ಬಾಯಿ ತೆರೆಯುತ್ತಾಳೆ. ಆ ಹುಡುಗಿ ತಮ್ಮನಿಗೆ ಎಷ್ಟು ಹೇಳುತ್ತಾಳೆ, ಯಾವ ಮಾತಲ್ಲಿ ಹೇಳುತ್ತಾಳೆ ಅನ್ನೋದು ನನಗೆ ಗೊತ್ತಿಲ್ಲ, ಅದು ನಿಮಗೇ ಗೊತ್ತಾಗಬೇಕು. ಆದರೆ ಸುಳ್ಳು ಬೇಡ. "ಅಪ್ಪ ಮಲಗ್ಯಾನ", "ದೇವರ ಹತ್ರ ಹೋಗ್ಯಾನ" ಅನ್ನೋದೂ ಬೇಡ, ಚಿಕ್ಕ ಮಕ್ಕಳು ಅದನ್ನು ಹಾಗೇ ನಂಬಿ ರಾತ್ರಿ ಮಲಗೋಕೆ ಹೆದರುತ್ತವೆ.

ಮೊದಲು ಒಂಬತ್ತನೇ ಅಧ್ಯಾಯ ಬರೆಯಿರಿ, ಉಳಿದಿದ್ದನ್ನು ಆಮೇಲೆ ಮುಟ್ಟಿ. ಪರೀಕ್ಷೆ ಪೇಪರ್ ತಿದ್ದೋ ಕೆಲಸ ಮುಗಿದ ಮೇಲೆ ಆದರೂ ಪರವಾಗಿಲ್ಲ. ಬರೆದು ಕಳಿಸಿ, ಕೈಬರಹದಲ್ಲಿದ್ದರೂ ಓದುತ್ತೇನೆ.